ಗಣತಿದಾರರು ಒಳಮನೆಯನ್ನೂ ಕೇಳಲಿ

ಮಾನ್ಯ ಸಂಪಾದಕರೇ,

2027ರ ಜನಗಣತಿಗೆ ಸಿದ್ಧತೆ ನಡೆದಿರುವ ಈ ಹೊತ್ತಿನಲ್ಲಿ, ಗಣತಿದಾರರ ತರಬೇತಿಯನ್ನು ರೂಪಿಸುವವರು ಮೈಸೂರಿನಲ್ಲಿ ಹುಟ್ಟಿದ ಅರ್ಥಶಾಸ್ತ್ರಜ್ಞೆ ದೇವಕಿ ಜೈನ್ ಅವರ ಹಳೆಯ ಅಧ್ಯಯನವೊಂದನ್ನು ಗಮನಿಸಬೇಕೆಂದು ಕೋರುತ್ತೇನೆ.

1970ರ ದಶಕದಲ್ಲಿ ರಾಜಸ್ಥಾನ ಮತ್ತು ಪಶ್ಚಿಮ ಬಂಗಾಳದ ಕೆಲವು ಹಳ್ಳಿಗಳಲ್ಲಿ ಅವರು ಹೆಂಗಸರನ್ನು ‘ಕೆಲಸ ಮಾಡುತ್ತೀರಾ?’ ಎಂದಷ್ಟೇ ಕೇಳಿ ಬಿಡದೆ, ಮನೆಯ ಒಬ್ಬೊಬ್ಬರೂ ದಿನದ ಯಾವ ಹೊತ್ತನ್ನು ಯಾವುದಕ್ಕೆ ಕಳೆದರು ಎಂಬುದನ್ನು ದಾಖಲಿಸುವ ಕ್ರಮ ಹಿಡಿದರು. ಸರ್ಕಾರಿ ಲೆಕ್ಕದಲ್ಲಿ ಕೆಲಸವಿಲ್ಲದವರೆನಿಸಿಕೊಂಡಿದ್ದವರು ಹುಲ್ಲು ಕೊಯ್ಯುವುದು, ದನ ನೋಡಿಕೊಳ್ಳುವುದು, ಕಳೆ ಕೀಳುವುದು ಎಂದು ಗಂಟೆಗಟ್ಟಲೆ ದುಡಿಯುತ್ತಿದ್ದುದು ಆಗ ಕಾಗದಕ್ಕೆ ಬಂತು. ಅವರನ್ನು ಸ್ತ್ರೀವಾದಿ ಎಂದು ಕರೆದು ಗೌರವಿಸುವ ನಾವು, ಲೆಕ್ಕ ಹಾಕುವ ಬಗೆಯನ್ನೇ ಅವರು ತಿದ್ದಿದ್ದನ್ನು ಅಷ್ಟಾಗಿ ನೆನೆಯುವುದಿಲ್ಲ.

1991ರಲ್ಲಿ ಶಿಡ್ಲಘಟ್ಟದ ಕಡೆಯ ಹಳ್ಳಿಯೊಂದರಲ್ಲಿ ನಾನು ಗಣತಿದಾರಳಾಗಿದ್ದೆ. ಮನೆಯ ಹೊಲದಲ್ಲೋ ಕಸುಬಿನಲ್ಲೋ ಸಂಬಳವಿಲ್ಲದೆ ಮಾಡುವ ದುಡಿಮೆಯೂ ಕೆಲಸವೇ ಎಂಬ ಮಾತು ಆ ಸಲದ ಪ್ರಶ್ನೆಯಲ್ಲೇ ಸೇರಿತ್ತು. ಆದರೂ ಜಗಲಿಯಲ್ಲಿ ಕುಳಿತಿದ್ದ ಯಜಮಾನರು ‘ಅವಳಿಗೇನು ಕೆಲಸ ಮೇಡಂ, ಮನೇಲೇ ಇರ್ತಾಳೆ’ ಎಂದಾಗ ನಾನು ಹಾಗೆಯೇ ಬರೆದುಕೊಂಡೆ. ಒಳಗೆ ಅವರ ಹೆಂಡತಿ ನಾಲ್ಕನೇ ಜ್ವರ ಎದ್ದ, ಅಂದರೆ ನಾಲ್ಕನೇ ಸಲ ಪೊರೆ ಕಳಚಿದ ರೇಷ್ಮೆ ಹುಳಕ್ಕೆ ಸೊಪ್ಪು ಹಾಕುತ್ತಿದ್ದರು. ಹುಳ ಸೊಪ್ಪು ಮೇಯುವ ಸರಸರ ಸದ್ದು ಜಗಲಿಗೇ ಕೇಳುತ್ತಿತ್ತು. ರೇಷ್ಮೆ ಸೀಮೆಯಲ್ಲೇ ಬೆಳೆದ ಹೆಂಗಸಾದ ನನಗೂ, ಆ ಹಂತದಲ್ಲಿ ಒಂದು ಹೊತ್ತಿನ ಸೊಪ್ಪು ತಪ್ಪಿದರೂ ಗೂಡಿನ ತೂಕ ಇಳಿಯುತ್ತದೆಂದು ಗೊತ್ತಿದ್ದ ನನಗೂ, ಅದು ಕೆಲಸವೆಂದು ತೋರಲಿಲ್ಲ.

ಅಡುಗೆಯನ್ನೂ ಮಕ್ಕಳ ಆರೈಕೆಯನ್ನೂ ರಾಷ್ಟ್ರೀಯ ಆದಾಯಕ್ಕೆ ಸೇರಿಸಬೇಕೇ ಎಂಬುದು ಬೇರೆಯೇ ವಾದ. ಅದರ ಭಾರವೇನೂ ಕಡಿಮೆಯಲ್ಲ, 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷ ಕೊಡುತ್ತಾರೆ, ಗಂಡಸರು 88. ನನ್ನ ಕೋರಿಕೆ ಅಷ್ಟು ದೂರ ಹೋಗುವುದಿಲ್ಲ. ಮಾರುಕಟ್ಟೆಗೆ ಹೋಗುವ ಗೂಡಿಗಾಗಿ ಹುಳ ಸಾಕುವುದು ಸರ್ಕಾರದ ವ್ಯಾಖ್ಯೆಯಲ್ಲೇ ಕೆಲಸ. ಹಾಗಿರುವಾಗ ತರಬೇತಿಯಲ್ಲಿ ಅರ್ಧ ದಿನವನ್ನಾದರೂ ಇದಕ್ಕೆ ಮೀಸಲಿಟ್ಟು, ಆಯಾ ಸೀಮೆಯ ಕಸುಬಿನ ಹೆಸರು ಹಿಡಿದೇ ಕೇಳುವುದನ್ನು ಹೇಳಿಕೊಡಲಿ: ನಮ್ಮಲ್ಲಿ ‘ಹುಳಕ್ಕೆ ಸೊಪ್ಪು ಹಾಕುವವರು ಯಾರು?’, ದಕ್ಷಿಣ ಕನ್ನಡದಲ್ಲಿ ‘ಬೀಡಿ ಕಟ್ಟುವವರು ಯಾರು?’ ಎಂದು. ಆ ಪ್ರಶ್ನೆಯನ್ನು ಸಾಧ್ಯವಾದಷ್ಟೂ ಮನೆಯ ಹೆಂಗಸರಿಗೇ ಕೇಳಲಿ.

– ನಿವೃತ್ತ ಶಿಕ್ಷಕಿ, ಶಿಡ್ಲಘಟ್ಟ