ಭಾನುವಾರದ ಚರ್ಚೆ: ಸೇಲಂನ ಪಾದ್ರಿ

ಎಲ್ಲರಿಗೂ ನಮಸ್ಕಾರ.

ಈ ಭಾನುವಾರ ಸಂಜೆ 6ಕ್ಕೆ ನಮ್ಮ ಇತಿಹಾಸ ಓದುಗರ ಆನ್‌ಲೈನ್ ಸಭೆ ಇದೆ. ವಿಷಯ: 1692ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಸಾಹತಿನ ಸೇಲಂ ಹಳ್ಳಿಯಲ್ಲಿ ಎದ್ದ ಮಾಟದ ಭೀತಿ, ಅದರಲ್ಲಿ ಪಾದ್ರಿ ಸ್ಯಾಮ್ಯುಯೆಲ್ ಪ್ಯಾರಿಸ್‌ನ ಪಾತ್ರ. (ತಮಿಳುನಾಡಿನ ಸೇಲಂ ಅಲ್ಲ, ಮೊದಲೇ ಹೇಳಿಬಿಡುತ್ತೇನೆ!)

ಗದ್ದಲ ಶುರುವಾದದ್ದೇ ಅವನ ಮನೆಯಲ್ಲಿ. ಮೊದಲು ವಿಚಿತ್ರವಾಗಿ ಆಡತೊಡಗಿ, ಇತರರ ಮೇಲೆ ಮಾಟದ ಆರೋಪ ಹೊರಿಸಿದ ಹುಡುಗಿಯರಲ್ಲಿ ಅವನ ಮಗಳೂ ಒಬ್ಬಳು. ಮೊದಲ ಆರೋಪಿಗಳಲ್ಲಿ ಅವನ ಮನೆಯ ಗುಲಾಮಳಾಗಿದ್ದ ಟಿಟುಬಾ ಇದ್ದಳು. ಊರು ತನಗೆ ಕೊಡಬೇಕಾದ ಸಂಬಳ, ಸೌದೆಯ ವಿಚಾರಕ್ಕೆ ಪ್ಯಾರಿಸ್‌ಗೆ ಊರವರೊಂದಿಗೆ ಹಳೆಯ ಜಗಳ ಬೇರೆ. ಸಮಾಧಾನ ಹೇಳಬೇಕಾದವನು ಮಾರ್ಚ್ 27ರಂದು ಚರ್ಚಿನೊಳಗೇ ಸೈತಾನರಿದ್ದಾರೆ ಎಂದು ಬೋಧಿಸಿದ. ಅಲ್ಲಿ ಕೂತಿದ್ದ ಸಾರಾ ಕ್ಲಾಯ್ಸ್ ಎಂಬ ಹೆಂಗಸಿನ ಅಕ್ಕ ರೆಬೆಕ್ಕಾ ನರ್ಸ್ ಮಾಟದ ಆರೋಪದ ಮೇಲೆ ಆಗಲೇ ಬಂಧನದಲ್ಲಿದ್ದಳು. ಸಾರಾ ಎದ್ದು ಹೊರನಡೆದಳು, ಹಿಂದೆ ಬಾಗಿಲು ದಡಾರನೆ ಬಡಿಯಿತು. ಕೆಲವೇ ದಿನಗಳಲ್ಲಿ ಅವಳ ಮೇಲೂ ದೂರು. ಕೊನೆಗೆ ಗಲ್ಲಿಗೇರಿದ 19 ಮಂದಿಯಲ್ಲಿ ಆ ಹಳ್ಳಿಯ ಹಿಂದಿನ ಪಾದ್ರಿ ಜಾರ್ಜ್ ಬರೋಸ್ ಕೂಡ ಇದ್ದ. ಎಲ್ಲವನ್ನೂ ಹುಡುಗಿಯರ ತಲೆಗೆ ಕಟ್ಟುವುದು ನನಗಂತೂ ಒಪ್ಪಿಗೆಯಿಲ್ಲ.

ಬರುವವರು ಶುಕ್ರವಾರದೊಳಗೆ ಇಲ್ಲಿಯೇ ‘ಬರುತ್ತೇನೆ’ ಎಂದು ಬರೆಯಿರಿ. 1694ರಲ್ಲಿ ಪ್ಯಾರಿಸ್ ತನ್ನ ಚರ್ಚಿನವರ ಮುಂದೆ ಓದಿದ ತಪ್ಪೊಪ್ಪಿಗೆಯ ಬಗ್ಗೆ ಐದು ನಿಮಿಷ ಮಾತನಾಡಲು ಒಬ್ಬರು ಬೇಕು, ಯಾರು ಸಿದ್ಧರಿದ್ದೀರಿ? ಸಭೆಯ ಕೊಂಡಿಯನ್ನು ಶನಿವಾರ ಹಾಕುತ್ತೇನೆ. ದಯವಿಟ್ಟು ಅದರ ಮೇಲೆ ಶುಭೋದಯದ ಚಿತ್ರಗಳನ್ನು ಪೇರಿಸಬೇಡಿ.