ಪವರ್ ಇನ್‌ಲೆಟ್‌ನಲ್ಲಿ ಫ್ಯೂಸ್ ನ್ಯೂಟ್ರಲ್‌ಗೆ, ಅರ್ಥ್ ಸಡಿಲ: ದುಡ್ಡು ವಾಪಸ್ ಕೊಡಿ, ಮಾರಾಟ ನಿಲ್ಲಿಸಿ

ಗೆ,
ದೂರು ವಿಭಾಗದ ಅಧಿಕಾರಿಗಳು,
ಎಲೆಕ್ಟ್ರಾನಿಕ್ ಬಿಡಿಭಾಗಗಳ ಆನ್‌ಲೈನ್ ಅಂಗಡಿ

ವಿಷಯ: ಫ್ಯೂಸ್ ಮತ್ತು ಫಿಲ್ಟರ್ ಇರುವ ಸಿ14 ಇನ್‌ಲೆಟ್‌ನಲ್ಲಿ ಅಪಾಯದ ದೋಷ

ನಮಸ್ಕಾರ,

ನಿಮ್ಮಲ್ಲಿ ಕೊಂಡ ಸಿ14 ಪವರ್ ಇನ್‌ಲೆಟ್ ಬಗ್ಗೆ ಈ ದೂರು. ಕಂಪ್ಯೂಟರ್ ಡಬ್ಬಿಯ ಹಿಂದೆ ಕೇಬಲ್ ಚುಚ್ಚುತ್ತೇವಲ್ಲ, ಆ ಮೂರು ಪಿನ್ನಿನದು. ಚಾಟ್‌ನಲ್ಲಿ ಹೇಳಿಕೊಂಡಾಗ ನಿಮ್ಮವರು ಕೊಟ್ಟ ಉತ್ತರ ಮಾಲಿಗಿಂತಲೂ ಅಪಾಯದ್ದು. ಹಾಗಾಗಿ ಎಲ್ಲವನ್ನೂ ಬಿಡಿಸಿ ಬರೆಯುತ್ತಿದ್ದೇನೆ. ದಯವಿಟ್ಟು ಕರೆಂಟಿನ ಕೆಲಸ ಗೊತ್ತಿರುವವರೇ ಇದನ್ನು ಓದಲಿ.

ನಾನು ಮನೆಯಲ್ಲಿ ಒಂದು ಸ್ಟೀರಿಯೋ ಆಂಪ್ಲಿಫೈಯರ್ ಕಟ್ಟುತ್ತಿದ್ದೇನೆ. ಎಲ್‌ಎಂ3886 ಅನ್ನೋ ಆಂಪ್ಲಿಫೈಯರ್ ಐಸಿ ಎರಡು, 25-0-25 ವೋಲ್ಟಿನ 300 ವಿಎ (ವೋಲ್ಟ್-ಆಂಪಿಯರ್) ಟೊರಾಯ್ಡಲ್, ಅಂದರೆ ಬಳೆಯಾಕಾರದ, ಟ್ರಾನ್ಸ್‌ಫಾರ್ಮರ್ ಒಂದು, ಎಲ್ಲವೂ ಅಲ್ಯೂಮಿನಿಯಂ ಡಬ್ಬಿಯೊಳಗೆ. ಡಬ್ಬಿ ಲೋಹದ್ದು ಅಂದಮೇಲೆ ಅರ್ಥ್ ಬೇಕೇ ಬೇಕು. ಹಳೇ ಟೇಪ್ ರೆಕಾರ್ಡರ್‌ಗಳಲ್ಲಿ ಇರುತ್ತಿದ್ದಂಥ ಎರಡು ಪಿನ್ನಿನ ಸಿ8 ಚಿಕ್ಕದು, ಕೂರಿಸೋದೂ ಸುಲಭ. ಆದರೆ ಅದಕ್ಕೆ ಅರ್ಥ್ ಪಿನ್ನೇ ಇಲ್ಲ, ಡಬಲ್ ಇನ್ಸುಲೇಷನ್ ಇರುವ ಸಾಮಾನಿಗೆ ಮಾತ್ರ ಅದು ಸರಿ. ಲ್ಯಾಪ್‌ಟಾಪ್ ಚಾರ್ಜರಿನ ಸಿ6ಕ್ಕೆ ಅರ್ಥ್ ಇದ್ದರೂ 2.5 ಆಂಪಿಯರ್‌ಗೆ ನಿಂತುಬಿಡುತ್ತದೆ. 16 ಆಂಪಿಯರಿನ ಸಿ20 ನನ್ನ ಕೆಲಸಕ್ಕೆ ಅತಿಯಾಯಿತು. ಉಳಿದದ್ದು ಸಿ14. 10 ಆಂಪಿಯರ್, 250 ವೋಲ್ಟ್, ಕೇಬಲ್ ಯಾವ ಊರಲ್ಲಾದರೂ ಸಿಗುತ್ತದೆ. ನಮ್ಮ ಸಕಲೇಶಪುರದ ಕಡೆ ಪಂಪ್‌ಸೆಟ್ಟು, ಇನ್ವರ್ಟರ್ರು ಎಲ್ಲಾ ಒಂದೇ ಲೈನಿನ ಮೇಲೆ ಇರುತ್ತವೆ, ಅವುಗಳ ಗಲಾಟೆ ಸ್ಪೀಕರ್‌ವರೆಗೂ ಬರಬಾರದು ಅಂತ ಬೆಲೆ ಜಾಸ್ತಿಯಾದರೂ ಫಿಲ್ಟರ್ ಇರುವುದನ್ನೇ ಆರಿಸಿದೆ.

ನಿಮ್ಮ ಪುಟದಲ್ಲಿ ಹಿತ್ತಾಳೆ ಪಿನ್, ಫೇಸ್ ಕಡೆ ಫ್ಯೂಸ್, ವಿಡಿಇ (ಜರ್ಮನಿಯ ಸುರಕ್ಷತಾ ಪರೀಕ್ಷೆಯ ಸಂಸ್ಥೆ) ಮಾನ್ಯತೆ ಅಂತೆಲ್ಲ ಇದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾದರೆ ಕೈಗೆ ತಗೊಂಡು, ಅಲ್ಲಾಡಿಸಿ, ಮೀಟರ್ ಹಿಡಿದು ನೋಡಬಹುದು. ದೂರದ ಊರಿನವರಿಗೆ ನೀವು ಪುಟದಲ್ಲಿ ಬರೆದದ್ದೇ ಆಧಾರ.

ಮೊದಲು ಫ್ಯೂಸ್ ವಿಷಯ. ವೈರಿಂಗ್ ಮಾಡುವ ಮೊದಲು ಫ್ಯೂಸಿನ ಪುಟ್ಟ ಡ್ರಾಯರ್ ಹೊರಗೆಳೆದು ಮಲ್ಟಿಮೀಟರ್ ಹಿಡಿದೆ. ಫ್ಯೂಸ್ ಇಲ್ಲದಿರುವಾಗ ಎಲ್ (ಫೇಸ್) ಅಂತ ಅಚ್ಚಾಗಿರುವ ಪಿನ್ನಿನಿಂದ ಹಿಂದಿನ ಟರ್ಮಿನಲ್‌ಗೆ ಸಂಪರ್ಕ ತಪ್ಪಬೇಕಿತ್ತು. ತಪ್ಪಲಿಲ್ಲ, ಮೀಟರ್ ಕೂಗುತ್ತಲೇ ಇತ್ತು. ತಪ್ಪಿದ್ದು ಎನ್ ಕಡೆ. ಅಂದರೆ ಫ್ಯೂಸ್ ಇರುವುದು ನ್ಯೂಟ್ರಲ್‌ನಲ್ಲಿ. ಇದು ಎಂಥ ಎಡವಟ್ಟು ಅಂತ ನಿಮಗೆ ಗೊತ್ತಾಗಬೇಕು. ನಾಳೆ ಟ್ರಾನ್ಸ್‌ಫಾರ್ಮರಿನ ಇನ್ಸುಲೇಷನ್ ಹೋಗಿ ಫೇಸ್ ಡಬ್ಬಿಗೆ ತಾಗಿತು ಅಂದುಕೊಳ್ಳಿ. ಕರೆಂಟು ಫೇಸ್‌ನಿಂದ ಡಬ್ಬಿಗೆ, ಡಬ್ಬಿಯಿಂದ ಅರ್ಥ್‌ಗೆ ಹರಿಯುತ್ತದೆ. ನ್ಯೂಟ್ರಲ್ ಕಡೆ ಕೂತ ಫ್ಯೂಸಿನ ಮೂಲಕ ಅದು ಹಾಯುವುದೇ ಇಲ್ಲ, ಹಾಗಾಗಿ ಫ್ಯೂಸ್ ಹಾರುವುದೂ ಇಲ್ಲ. ಮನೆಯ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್ಚು) ಬೀಳಬೇಕು, ಅಷ್ಟೇ. ಇನ್ನೊಂದು ಅಪಾಯ: ಬೇರೆ ಕಾರಣಕ್ಕೆ ಫ್ಯೂಸ್ ಹಾರಿದರೆ ಆಂಪ್ಲಿಫೈಯರ್ ಸತ್ತಂತೆ ಕಾಣುತ್ತದೆ, ಆದರೆ ಒಳಗೆ ಟ್ರಾನ್ಸ್‌ಫಾರ್ಮರಿನ ಪ್ರೈಮರಿವರೆಗೂ ಫೇಸ್ ಜೀವಂತವಾಗಿರುತ್ತದೆ. ಪ್ಲಗ್ ಕೀಳದೆ ಮುಚ್ಚಳ ತೆಗೆದು ಕೈ ಹಾಕಿದವರ ಗತಿ ಏನು?

ಜೊತೆಗೆ ಕೊಟ್ಟ ಫ್ಯೂಸ್ ನೋಡಿ. 5×20 ಮಿಲಿಮೀಟರಿನ ಗಾಜಿನದು, ಅದರ ಮೇಲೆ ಎಫ್ 10ಎ ಅಂತಿದೆ, ಅಂದರೆ ಬೇಗ ಹಾರುವ 10 ಆಂಪಿಯರಿನದು. ಹಾಗೇ ಬಳಸಬಹುದು ಅಂತ ನಿಮ್ಮ ಪುಟ ಹೇಳುತ್ತದೆ. 10 ಆಂಪಿಯರ್ ಅನ್ನೋದು ಇನ್‌ಲೆಟ್ ತಡೆಯುವ ಮಿತಿ, ಒಳಗಿನ ಸಾಮಾನಿಗೆ ಬೇಕಾದ ಫ್ಯೂಸಿನ ಲೆಕ್ಕ ಅಲ್ಲ. 300 ವಿಎ ಟ್ರಾನ್ಸ್‌ಫಾರ್ಮರ್ 230 ವೋಲ್ಟಿನಲ್ಲಿ ಪೂರ್ತಿ ಲೋಡಿಗೆ ಎಳೆಯೋದು ಸುಮಾರು 1.3 ಆಂಪಿಯರ್. ಟೊರಾಯ್ಡಲ್ ಆದ್ದರಿಂದ ಆನ್ ಮಾಡಿದ ಕ್ಷಣ ಜೋರಾಗಿ ಎಳೆಯುತ್ತದೆ, ಅದನ್ನು ತಾಳಿಕೊಳ್ಳೋಕೆ ನಿಧಾನವಾಗಿ ಹಾರುವ ಟಿ ಜಾತಿಯ ಫ್ಯೂಸ್ ಬೇಕು, 2.5 ಆಂಪಿಯರ್ ಆಸುಪಾಸಿನದು. ಕೇಬಲ್ಲಿನ ಇನ್ನೊಂದು ತುದಿಯಲ್ಲಿರುವ ನಮ್ಮ ಪ್ಲಗ್ಗೇ 6 ಆಂಪಿಯರಿನದು, ಅದರ ಮುಂದೆ 10 ಆಂಪಿಯರ್ ಫ್ಯೂಸ್ ಏನು ಕಾಯುತ್ತದೆ? ಹೊಸದಾಗಿ ಕಲಿಯುವ ಹುಡುಗರು ಡಬ್ಬಿಯಲ್ಲಿ ಬಂದ ಫ್ಯೂಸನ್ನೇ ನಂಬಿ ಹಾಕಿಬಿಡುತ್ತಾರೆ.

ನನಗೆ ಇದಕ್ಕಿಂತ ಹೆಚ್ಚು ಸಿಟ್ಟು ಬಂದಿರುವುದು ಅರ್ಥ್ ನೋಡಿ. ಹಿಂದಿನ ಅರ್ಥ್ ಟ್ಯಾಬನ್ನು ಫಿಲ್ಟರಿನ ತಗಡಿನ ಕವಚಕ್ಕೆ ಒಂದು ರಿವೆಟ್ ಹೊಡೆದು ಕೂರಿಸಿದ್ದಾರೆ. ಆ ರಿವೆಟ್ ಸಡಿಲ. ಟ್ಯಾಬನ್ನು ಬೆರಳಲ್ಲಿ ಎಡಕ್ಕೆ ತಳ್ಳಿದರೆ ಮೀಟರ್ ಕೂಗುತ್ತದೆ, ಬಲಕ್ಕೆ ತಳ್ಳಿದರೆ ಸುಮ್ಮನಾಗುತ್ತದೆ. ಇದರ ವಿಡಿಯೋ ಕಳಿಸಿದ್ದೇನೆ. ಫಿಲ್ಟರ್ ಇರುವ ಇನ್‌ಲೆಟ್‌ನಲ್ಲಿ ಫೇಸ್‌ನಿಂದ ಅರ್ಥ್‌ಗೂ ನ್ಯೂಟ್ರಲ್‌ನಿಂದ ಅರ್ಥ್‌ಗೂ ಒಂದೊಂದು ವೈ ಕೆಪಾಸಿಟರ್ ಇರುತ್ತದೆ. ಅರ್ಥ್ ಗಟ್ಟಿಯಾಗಿದ್ದರೆ ಲೈನಿನ ಗಲಾಟೆ ಅವುಗಳ ಮೂಲಕ ಇಳಿದುಹೋಗುತ್ತದೆ. ಅರ್ಥ್ ತಪ್ಪಿದರೆ ಅದೇ ಕೆಪಾಸಿಟರ್‌ಗಳು ಡಬ್ಬಿಯನ್ನು ಮೇನ್ಸಿನ ಅರ್ಧಕ್ಕೆ, ಹತ್ತಿರ ಹತ್ತಿರ 115 ವೋಲ್ಟಿಗೆ, ಎಳೆದು ನಿಲ್ಲಿಸುತ್ತವೆ. ಡಬ್ಬಿ ಮುಟ್ಟಿದರೆ ಕೈ ಜುಂ ಅನ್ನುತ್ತದೆ. ಹರಿಯುವ ಕರೆಂಟು ಬಹಳ ಕಮ್ಮಿ, ಅಷ್ಟಕ್ಕೇ ಯಾರೂ ಸಾಯೋದಿಲ್ಲ ನಿಜ. ಆದರೆ ಅದೇ ಸಡಿಲ ಅರ್ಥ್ ಇರುವಾಗ ಇನ್ಸುಲೇಷನ್ನೂ ಕೈಕೊಟ್ಟರೆ ಡಬ್ಬಿಯ ಮೇಲೆ ಪೂರ್ತಿ 230 ವೋಲ್ಟ್ ನಿಲ್ಲುತ್ತದೆ, ಆಗ ಎಂಸಿಬಿ ಕೂಡ ಬೀಳೋದಿಲ್ಲ. ನಮ್ಮ ಕಡೆ ಹಳೇ ಮನೆಗಳಲ್ಲಿ ಆರ್‌ಸಿಸಿಬಿ (ಕರೆಂಟು ಅರ್ಥ್‌ಗೆ ಸೋರಿದರೆ ಲೈನ್ ಕಡಿಯುವ ಸ್ವಿಚ್ಚು) ಹಾಕಿಸಿದವರು ಕಮ್ಮಿ.

ಪಿನ್‌ಗಳೂ ಹಿತ್ತಾಳೆಯಲ್ಲ. ಮ್ಯಾಗ್ನೆಟ್ ಹಿಡಿದರೆ ಟಪ್ಪಂತ ಅಂಟಿಕೊಂಡು ಇನ್‌ಲೆಟ್ಟೇ ಮೇಲೆದ್ದು ಬಂತು. ಒಂದು ಪಿನ್ನಿನ ತುದಿಯನ್ನು ಅರದಿಂದ ಉಜ್ಜಿ ನೋಡಿದೆ. ಮೇಲಿನ ಬಿಳಿ ಲೇಪದ ಕೆಳಗೆ ಹಳದಿ ಕಾಣಬೇಕಿತ್ತು, ಕಂಡದ್ದು ಕಬ್ಬಿಣದ ಬೂದು ಬಣ್ಣ. ಮಲೆನಾಡಿನ ಮಳೆಗಾಲದಲ್ಲಿ ಇದು ತುಕ್ಕು ಹಿಡಿಯೋದು ಗ್ಯಾರಂಟಿ, ತುಕ್ಕು ಹಿಡಿದ ಪಿನ್ ಬಿಸಿಯಾಗುತ್ತದೆ. ವಿಡಿಇ ಗುರುತು ನಿಮ್ಮ ಫೋಟೋದಲ್ಲಿದೆ, ನನ್ನ ಕೈಗೆ ಬಂದ ಮಾಲಿನ ಮೇಲೆ ಎಲ್ಲೂ ಇಲ್ಲ. ಕವರಿನ ಮೇಲೆ ತಯಾರಿಸಿದವರ ಹೆಸರಾಗಲಿ, ಯಾವ ದೇಶದ್ದು ಅಂತಾಗಲಿ ಇಲ್ಲ.

ಇಷ್ಟನ್ನೂ ಫೋಟೋ ಸಮೇತ ಚಾಟ್‌ನಲ್ಲಿ ಹೇಳಿದೆ. ನಿಮ್ಮವರು ಮೊದಲು, ಪ್ಲಗ್ಗನ್ನು ತಿರುಗಿಸಿ ಹಾಕಿ, ಸರಿಹೋಗುತ್ತೆ ಅಂದರು. ನಮ್ಮ ಮೂರು ಪಿನ್ ಪ್ಲಗ್ಗಿನಲ್ಲಿ ಅರ್ಥ್ ಪಿನ್ ದಪ್ಪ ಮತ್ತು ಉದ್ದ, ಅದನ್ನು ತಿರುಗಿಸಿ ಹಾಕೋಕೆ ಬರೋದೇ ಇಲ್ಲ, ಅಲ್ವಾ? ಆಮೇಲೆ, ಆಡಿಯೋಗೆ ಅರ್ಥ್ ಬೇಡ ಸರ್, ಅರ್ಥ್ ಬಿಟ್ಟುಬಿಟ್ಟರೆ ಹಮ್ (ಸ್ಪೀಕರಿನ ಗುಂಯ್ ಸದ್ದು) ಕೂಡ ಕಮ್ಮಿಯಾಗುತ್ತೆ ಅಂದರು. ಈ ಮಾತನ್ನು ಇನ್ನು ಯಾವ ಗಿರಾಕಿಗೂ ಹೇಳಬೇಡಿ, ಕೈಮುಗಿದು ಕೇಳುತ್ತೇನೆ. ಹಮ್ ಬಂದರೆ ಸಿಗ್ನಲ್ ಗ್ರೌಂಡನ್ನು ಡಬ್ಬಿಗೆ 10 ಓಮ್ ರೆಸಿಸ್ಟರ್ ಮತ್ತು ಡಯೋಡ್ ಬ್ರಿಡ್ಜ್ ಮೂಲಕ ಜೋಡಿಸುವ ದಾರಿ ಇದೆ. ಹಸಿರು-ಹಳದಿ ವೈರ್ ಮಾತ್ರ ಇನ್‌ಲೆಟ್‌ನಿಂದ ನೇರವಾಗಿ ಡಬ್ಬಿಗೆ ಬರಬೇಕು, ಬಣ್ಣ ಕೆರೆದ ಜಾಗದಲ್ಲಿ ಬೋಲ್ಟ್ ಹಾಕಿ ಬಿಗಿಯಬೇಕು. ಅದನ್ನು ಬಿಡಿ ಅನ್ನೋದು ಜೀವ ತೆಗೆಯುವ ಸಲಹೆ. ಕಂಪನಿ ಮಾಡಿದ ಆಂಪ್ಲಿಫೈಯರ್ ಆದರೆ ಅಂಗಡಿಗೆ ಬರುವ ಮೊದಲು ಯಾರಾದರೂ ಪರೀಕ್ಷೆ ಮಾಡಿರುತ್ತಾರೆ. ಮನೆಯಲ್ಲಿ ಕಟ್ಟಿದ್ದಕ್ಕೆ ಹಾಗೆ ನೋಡುವವರು ಯಾರೂ ಇಲ್ಲ.

ಕೊನೆಗೆ, ಎಲೆಕ್ಟ್ರಿಕಲ್ ಸಾಮಾನು ವಾಪಸ್ ತಗೊಳ್ಳೋದಿಲ್ಲ ಅಂತ ಚಾಟ್ ಮುಚ್ಚಿದರು. ಇದನ್ನು ನಾನು ಒಪ್ಪೋದಿಲ್ಲ. 2020ರ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳ ಪ್ರಕಾರ ದೋಷವಿರುವ, ಅಥವಾ ಜಾಹೀರಾತಿನಲ್ಲಿ ಹೇಳಿದ ಗುಣ ಇಲ್ಲದ ಮಾಲನ್ನು ಮಾರಿದವರು ವಾಪಸ್ ತಗೊಳ್ಳೋಕೆ ನಿರಾಕರಿಸುವಂತಿಲ್ಲ. ದೂರು ತಲುಪಿದ್ದಕ್ಕೆ 48 ಗಂಟೆಯೊಳಗೆ ಉತ್ತರ ಕೊಡಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು.

ನನ್ನ ದುಡ್ಡನ್ನು ಕೊರಿಯರ್ ಖರ್ಚು ಸೇರಿಸಿ ವಾಪಸ್ ಕೊಡಿ. ಅದಕ್ಕಿಂತ ಮುಖ್ಯವಾಗಿ, ಈ ಇನ್‌ಲೆಟ್ಟನ್ನು ಇವತ್ತೇ ಮಾರಾಟದಿಂದ ತೆಗೆಯಿರಿ. ಇದೇ ಮಾಲು ಕೊಂಡವರ ಪಟ್ಟಿ ನಿಮ್ಮ ಹತ್ತಿರ ಇದೆ, ಅವರಿಗೆಲ್ಲ ಬಳಸಬೇಡಿ ಅಂತ ಮೆಸೇಜ್ ಹಾಕಿ. ಎಷ್ಟೋ ಜನ ಇದನ್ನು ಡಬ್ಬಿಗೆ ಕೂರಿಸಿ, ಕರೆಂಟೂ ಕೊಟ್ಟಿರಬಹುದು. ಬೇರೆ ಕಂಪನಿಯ ಇನ್‌ಲೆಟ್ ತರಿಸುವುದಾದರೆ ಫ್ಯೂಸ್ ಯಾವ ಕಡೆ ಇದೆ, ಕೂರಿಸೋಕೆ ಡಬ್ಬಿಯಲ್ಲಿ ಕೊರೆಯಬೇಕಾದ ಕಿಂಡಿಯ ಅಳತೆ ಎಷ್ಟು, ಎಷ್ಟು ದಪ್ಪದ ತಗಡಿಗೆ ಕ್ಲಿಪ್ ಹಿಡಿಯುತ್ತದೆ ಅಂತ ಪುಟದಲ್ಲಿ ಸರಿಯಾಗಿ ಬರೆಯಿರಿ, ಕೈಯಲ್ಲಿರುವ ಮಾಲಿನದೇ ಫೋಟೋ ಹಾಕಿ.

ಬಿಲ್, ಚಾಟ್‌ನ ಪ್ರತಿ, ಫೋಟೋ, ವಿಡಿಯೋ ಎಲ್ಲ ಈ ಮೇಲ್ ಜೊತೆಗಿವೆ. ಉತ್ತರ ಬರವಣಿಗೆಯಲ್ಲೇ ಕೊಡಿ. ಬರದಿದ್ದರೆ ಇದೇ ದಾಖಲೆಗಳ ಸಮೇತ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸುತ್ತೇನೆ. ಇನ್‌ಲೆಟ್ ನನ್ನ ಹತ್ತಿರವೇ ಇದೆ, ಕೊರಿಯರ್‌ನವರನ್ನು ಕಳಿಸಿದರೆ ಕೊಡುತ್ತೇನೆ.

ಇತಿ,
ನಿಮ್ಮ ಗ್ರಾಹಕ