ಇಂಟರ್ನ್‌ಶಿಪ್‌ಗೆ ಬರುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಸೋಮವಾರದಿಂದ ನಮ್ಮ ಬಳ್ಳಾರಿ ಆಫೀಸಿಗೆ ಬರುವವರು ಇದನ್ನು ಪೂರ್ತಿ ಓದಿ.

ನಮ್ಮ ವಕೀಲೆ ಮೇಡಂ ಹತ್ತಿರ ಬರುವುದು ಹೆಚ್ಚಾಗಿ ಮಕ್ಕಳ ಕಸ್ಟಡಿ ಕೇಸುಗಳೇ, ಅಂದರೆ ಮಗು ಯಾರ ಹತ್ತಿರ ಇರಬೇಕು ಅನ್ನುವ ಕೇಸುಗಳು. 1890ರ ಗಾರ್ಡಿಯನ್ಸ್ ಆಂಡ್ ವಾರ್ಡ್ಸ್ ಕಾಯ್ದೆ, 1956ರ ಹಿಂದೂ ಮೈನಾರಿಟಿ ಆಂಡ್ ಗಾರ್ಡಿಯನ್‌ಶಿಪ್ ಕಾಯ್ದೆ ಎರಡನ್ನೂ ಓದಿಕೊಂಡು ಬನ್ನಿ. 5 ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿ ಹತ್ತಿರ ಅನ್ನುವ, 1956ರ ಕಾಯ್ದೆಯ 6ನೇ ಸೆಕ್ಷನ್ ನಿಮಗೆ ಗೊತ್ತಿರುತ್ತದೆ. ಆದರೆ ಮಗುವಿನ ಹಿತವೇ ಎಲ್ಲಕ್ಕಿಂತ ಮುಖ್ಯ ಅನ್ನುವ, ಅದೇ ಕಾಯ್ದೆಯ 13ನೇ ಸೆಕ್ಷನ್ ಚೆನ್ನಾಗಿ ತಿಳಿದಿರಲಿ. ಮಗು ಸಾಮಾನ್ಯವಾಗಿ ಎಲ್ಲಿ ವಾಸವಿದೆಯೋ ಅಲ್ಲಿನ ಕೋರ್ಟಿಗೇ ಅರ್ಜಿ ಹಾಕಬೇಕು. ಅಪ್ಪ ಬೆಂಗಳೂರಲ್ಲಿ, ಮಗು ಸಿರುಗುಪ್ಪದ ಅಜ್ಜಿ ಮನೆಯಲ್ಲಿ ಇದ್ದರೆ ಮೊದಲ ಜಗಳ ಶುರುವಾಗುವುದೇ ಯಾವ ಊರಿನ ಕೋರ್ಟು ಅನ್ನುವುದರಲ್ಲಿ.

ನಿಮಗೆ ಕಾಗದದ ಕೆಲಸ ಜಾಸ್ತಿ. ಶಾಲೆ ಫೀ ರಸೀದಿ, ಲಸಿಕೆ ಕಾರ್ಡು, ಆಸ್ಪತ್ರೆ ಚೀಟಿ ಎಲ್ಲವನ್ನೂ ತಾರೀಖಿನ ಪ್ರಕಾರ ಜೋಡಿಸಬೇಕು. ಲಸಿಕೆಗೆ ಮಗುವನ್ನು ಎತ್ತಿಕೊಂಡು ಹೋಗಿದ್ದು ಯಾರು ಅಂತ ಕೇಳಿ ಬರೆದಿಡಿ. "ನಾನೇ ನೋಡ್ಕೊಂಡಿದ್ದು" ಅಂತ ಅಪ್ಪ ಅಮ್ಮ ಇಬ್ಬರೂ ಹೇಳುತ್ತಾರೆ, ಅಲ್ವಾ? ತೆಲುಗು, ಉರ್ದು ಬಲ್ಲವರು ಮೊದಲೇ ತಿಳಿಸಿ, ತುಂಬಾ ಅನುಕೂಲ.

ಆಫೀಸಿಗೆ ಮಗು ಬಂದರೆ "ಅಮ್ಮ ಬೇಕಾ, ಅಪ್ಪ ಬೇಕಾ" ಅಂತ ಸುಮ್ನೆ ಕೂಡ ಕೇಳಬೇಡಿ. ಮಗುವಿನ ಇಷ್ಟ ತಿಳಿಯುವುದು ಜಡ್ಜ್ ಕೆಲಸ. ಕಪಾಟಿನ ಕೆಳಗಿನ ಅರೆಯಲ್ಲಿ ಬಣ್ಣದ ಪೆನ್ಸಿಲ್, ಹಳೇ ಹಾಳೆ ಇವೆ. ಕೊಟ್ಟು ಪಕ್ಕದಲ್ಲಿ ಕೂತರೆ ಸಾಕು.

ಗಂಡ ಹೆಂಡತಿಯಲ್ಲಿ ಒಬ್ಬರು ಕೇಳಿದರೂ ಫ್ಯಾಮಿಲಿ ಕೋರ್ಟ್ ಬಾಗಿಲು ಮುಚ್ಚಿ ವಿಚಾರಣೆ ನಡೆಸಬೇಕು. ಹೊರಗೆ ನಿಲ್ಲಿ ಅಂದರೆ ಬೇಜಾರಾಗಬೇಡಿ. ಮಗುವಿನ ಹೆಸರು, ಫೋಟೊ, ಕೇಸ್ ನಂಬರ್ ಈ ಗುಂಪಿನಲ್ಲೂ ಬೇಡ. ದಯವಿಟ್ಟು.

ಕಾಲೇಜಿನ ಪತ್ರ ಶನಿವಾರದೊಳಗೆ ನನಗೆ ಕಳಿಸಿ.